ಹಲಸಿನ ಹಲಗೆಯಲ್ಲಿ ಕಾಡುಪ್ರಾಣಿ ಕೆತ್ತಿಸಬೇಕು: ಯಾವ ಪ್ರಾಣಿ, ಎಲ್ಲಿ ಕೆತ್ತುವುದು, ಯಾವ ಎಣ್ಣೆ?

ಪಯಸ್ವಿನಿ ದಡ (ಅಡೂರು) · ಜುಲೈ 6

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹೊಳೆಯಿಂದ ಎರಡು ಗದ್ದೆ ಮೇಲೆ. ಮೂರು ಮಳೆಗಾಲದ ಹಿಂದೆ ಅಜ್ಜ ನೆಟ್ಟ ಹಲಸಿನ ಮರವೊಂದು ಗಾಳಿಗೆ ಬುಡಸಮೇತ ಬಿತ್ತು. ತಂಗಿಗೆ ಆ ಮರವೆಂದರೆ ಜೀವ. ಶಾಲೆಯಿಂದ ಬಂದವಳು ಚೀಲ ತೂಗುಹಾಕಲಿಕ್ಕೆಂದು ಅದಕ್ಕೊಂದು ಮೊಳೆ ಹೊಡೆದು ಅಜ್ಜನ ಕೈಯಲ್ಲಿ ಬೈಸಿಕೊಂಡಿದ್ದಳು. ಮರ ಸೌದೆಯಾಗಿ ಹೋಗಬಾರದೆಂದು ಬುಡದ ತುಂಡನ್ನು ಮಿಲ್ಲಿಗೆ ಕೊಂಡುಹೋಗಿ ಒಂದಿಂಚು ದಪ್ಪಕ್ಕೆ ಸೀಳಿಸಿದೆವು. ನಡುನಡುವೆ ರೀಪು ಕೊಟ್ಟು ಅಟ್ಟದಲ್ಲಿ ಪೇರಿಸಿಟ್ಟಿದ್ದೇವೆ. ಆ ಮೊಳೆ ಮರದ ಒಳಗೇ ಉಳಿದಿತ್ತು, ಮಿಲ್ಲಿನವರ ಗರಗಸಕ್ಕೆ ತಾಗಿ ಅವರಿಂದ ನಮಗೂ ಬೈಗುಳ ಸಿಕ್ಕಿತು.

ಬರುವ ಡಿಸೆಂಬರಿನಲ್ಲಿ ತಂಗಿಯ ಮನೆಯೊಕ್ಕಲು. ತಿಂಡಿ ಬಡಿಸುವ ಹಲಗೆ ಐದು ಮಾಡಿಸಿ, ಒಂದೊಂದರಲ್ಲಿ ಒಂದು ಕಾಡುಪ್ರಾಣಿ ಕೆತ್ತಿಸಿ ಕೊಡಬೇಕೆಂದು ಆಸೆ. ಲೇಸರ್ ಕೆತ್ತನೆಯ ಅಂಗಡಿಯೊಂದಕ್ಕೆ ಹೋಗಿದ್ದೆ. ಅವರು ಕಂಪ್ಯೂಟರಿನಲ್ಲಿ ಸಿದ್ಧವಾಗಿರುವ ಐದು ಚಿತ್ರ ತೋರಿಸಿದರು: ಆನೆ, ಜಿಂಕೆ, ಚಿರತೆ, ಹದ್ದು, ಆಮೆ. ಕೆಳಗೆ ಹಾಕಿದ್ದೇನೆ. ಚಿತ್ರ ಚೆಂದವೇ ಉಂಟು, ಆದರೆ ಅಮ್ಮ ನೋಡಿದವರೇ "ಇದೆಂತ ಆನೆ, ಮೈಯಷ್ಟೇ ಕಿವಿ ಉಂಟಲ್ಲ" ಅಂದರು. ಅದಾದ ಮೇಲೆ ನನಗೂ ಮನಸ್ಸು ಒಪ್ಪುತ್ತಿಲ್ಲ.

ಕೇಳಬೇಕಾದದ್ದು ಇಷ್ಟು. ಈ ಚಿತ್ರಗಳು ಆಗಬಹುದಾ? ಹಲಸು ಈ ಕೆಲಸಕ್ಕೆ ಸರಿಯಾ? ಕೆತ್ತಿದ ಮೇಲೆ ಎಂತ ಹಚ್ಚುವುದು?

ಮಂಗಟ್ಟೆ ಕಣ್ಣು (ಪೆರ್ಲ) · ಜುಲೈ 6

ನಿಮ್ಮ ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಅದು ಆಫ್ರಿಕಾದ ಆನೆ. ಭುಜ ಮುಚ್ಚುವಷ್ಟು ಅಗಲದ ಕಿವಿ, ನಡುವೆ ತಗ್ಗಿದ ಬೆನ್ನು. ನಮ್ಮ ಆನೆಗೆ ಕಿವಿ ಚಿಕ್ಕದು, ನೆತ್ತಿಯಲ್ಲಿ ಎರಡು ಉಬ್ಬು, ಬೆನ್ನು ಮೇಲಕ್ಕೆ ಬಾಗಿದ ದುಂಡು. ಸೊಂಡಿಲಿನ ತುದಿಯಲ್ಲಿ ಅವುಗಳಿಗೆ ಎರಡು ಬೆರಳು, ನಮ್ಮದಕ್ಕೆ ಒಂದೇ. ಸಂಶಯ ಇದ್ದರೆ ಮಧೂರಿಗೆ ಹೋಗಿ ಗುಡಿಯ ಮಾಡನ್ನು ಹಿಂದಿನಿಂದ ನೋಡಿ. ಗಜಪೃಷ್ಠ ಅಂತ ಆ ಆಕಾರಕ್ಕೆ ಹೆಸರಿಟ್ಟವರು ಆನೆಯ ಬೆನ್ನನ್ನು ಕಣ್ಣಾರೆ ನೋಡಿದವರು. ನಡು ತಗ್ಗಿದ ಆನೆಯನ್ನು ನೋಡಿದವರು ಆ ಮಾಡು ಕಟ್ಟುತ್ತಿರಲಿಲ್ಲ.

ಉಳಿದ ನಾಲ್ಕೂ ಹಾಗೆಯೇ. ಜಿಂಕೆಯ ಕೊಂಬಿನಲ್ಲಿ ಮುಂದಕ್ಕೆ ಬಾಗಿದ ಒಂದು ದಂಡ, ಅದರಿಂದ ಮೇಲಕ್ಕೆದ್ದ ಕಡ್ಡಿಗಳು. ಅದು ಅಮೆರಿಕದ ಬಿಳಿಬಾಲದ ಜಿಂಕೆ. ನಮ್ಮ ಚುಕ್ಕಿಜಿಂಕೆಯ ಕೊಂಬಿಗೆ ಮೂರೇ ಕವಲು, ಹಣೆಯ ಹತ್ತಿರ ಒಂದು, ತುದಿಯಲ್ಲಿ ಎರಡು. ಮೈಯ ಚುಕ್ಕಿ ಪ್ರಾಯ ಆದ ಮೇಲೂ ಮಾಸುವುದಿಲ್ಲ. ಚಿರತೆ ಅಂತ ಕೊಟ್ಟದ್ದು ಚಿರತೆಯೇ ಅಲ್ಲ. ಮೈಯ ಹೂವಿನಂಥ ಮಚ್ಚೆಗಳ ಒಳಗೆ ಮತ್ತೆ ಚುಕ್ಕಿ ಉಂಟು ನೋಡಿ, ಅದು ದಕ್ಷಿಣ ಅಮೆರಿಕದ ಜಾಗ್ವಾರ್. ಹದ್ದು ಅಮೆರಿಕದ ರಾಷ್ಟ್ರಲಾಂಛನದ್ದು, ತಲೆ ಬಿಳಿ, ಹೊಟ್ಟೆ ಕಡುಗಂದು. ಆಮೆಯ ಬೆನ್ನಿನಲ್ಲಿ ಷಟ್ಕೋನದ ಚಿಪ್ಪುಗಳು. ನಿಮ್ಮದೇ ಹೊಳೆಯ ಆಮೆಗೆ ಅಂಥದ್ದಿಲ್ಲ, ಅದನ್ನು ಆಮೇಲೆ ಬರೆಯುತ್ತೇನೆ.

ಅಜ್ಜನ ಮರದಲ್ಲಿ ಅಮೆರಿಕದ ಜಿಂಕೆ ಬೇಡ ಅಂತ ನನ್ನ ಕೇಳಿಕೆ.

ದೂರದ ಕಾಸರಗೋಡು (ಬೆಂಗಳೂರು) · ಜುಲೈ 7

ಮನೆಯೊಕ್ಕಲಿಗೆ ಬಂದ ನೆಂಟರು ಆನೆಯ ಕಿವಿ ಅಳೆಯುತ್ತಾರಾ? ಉಡುಗೊರೆ ಅಂದಮೇಲೆ ನೋಡಲು ಚೆಂದ ಇದ್ದರೆ ಸಾಕು ಎಂದು ನನ್ನ ಅಭಿಪ್ರಾಯ. ಸಿದ್ಧಚಿತ್ರವಾದರೆ ಖರ್ಚೂ ಕಡಿಮೆ.

ಮಂಗಟ್ಟೆ ಕಣ್ಣು · ಜುಲೈ 7

ನೆಂಟರು ಅಳೆಯುವುದಿಲ್ಲ ಅಣ್ಣ. ಆದರೆ ಆ ಮನೆಯಲ್ಲಿ ನಾಳೆ ಮಕ್ಕಳು ಬೆಳೆಯುತ್ತಾರೆ. ದಿನಾ ಸಂಜೆ ತಿಂಡಿ ಬರುವ ಹಲಗೆಯಲ್ಲಿ ಕಂಡದ್ದೇ ಅವರಿಗೆ ಆನೆ. ನಾನು ಪೆರ್ಲದ ಸುತ್ತ ಶಾಲೆ ಮಕ್ಕಳನ್ನು ಹಕ್ಕಿ ನೋಡಲು ಕರೆದುಕೊಂಡು ಹೋಗುತ್ತೇನೆ. ಹದ್ದಿನ ಚಿತ್ರ ಬರೆಯಲು ಹೇಳಿದರೆ ಹತ್ತರಲ್ಲಿ ಎಂಟು ಮಕ್ಕಳು ಬಿಳಿತಲೆಯ ಅಮೆರಿಕದ ಹದ್ದನ್ನೇ ಬರೆಯುತ್ತಾರೆ. ತಲೆಯ ಮೇಲೆ ಹಾರುವ ಗರುಡ ಅವರ ಪುಸ್ತಕದಲ್ಲಿಲ್ಲ, ಅಂಗಿಯಲ್ಲಿಲ್ಲ, ನೀರಿನ ಬಾಟಲಿಯಲ್ಲಿಲ್ಲ. ನನಗೆ ಇದರಲ್ಲಿ ನಿಜವಾದ ಸಂಕಟ ಉಂಟು.

ಚೇಗು (ನೀರ್ಚಾಲು) · ಜುಲೈ 7

ಚಿತ್ರದ ವಿಷಯ ತಿಳಿದವರು ಹೇಳಲಿ. ನಾನು ಮರದ ವಿಷಯ ಹೇಳುತ್ತೇನೆ, ನಮ್ಮದು ಮೂರು ತಲೆಮಾರಿನ ಆಚಾರಿಕೆ.

ಹಲಸು ಒಳ್ಳೆಯ ಆಯ್ಕೆ ಮಾರಾಯ್ರೆ. ಊಟದ ಮಣೆ, ದೇವರ ಮಣೆ, ಉಪ್ಪಿನಕಾಯಿಯ ಮರಿಗೆ, ಚೆನ್ನೆಮಣೆ ಎಲ್ಲ ಅದರಲ್ಲೇ ಮಾಡಿದ್ದು. ಆದರೆ ಚೇಗು, ಅಂದರೆ ಮರದ ನಡುವಿನ ಗಟ್ಟಿ ಭಾಗ ಮಾತ್ರ ತೆಗೆದುಕೊಳ್ಳಿ. ಅಂಚಿನ ಬಿಳಿ ಭಾಗ ಒಂದು ಬೆರಳಗಲ ಉಳಿದರೂ ಕುಟ್ಟೆಹುಳ ಹಿಡಿಯುತ್ತದೆ. ಕುಟ್ಟೆಗೆ ಬೇಕಾದದ್ದು ಆ ಬಿಳಿಯಲ್ಲಿರುವ ಪಿಷ್ಟ. ಹಿಂದೆ ಮರ ಕಡಿದ ಮೇಲೆ ದಿಮ್ಮಿಯನ್ನು ತಿಂಗಳುಗಟ್ಟಲೆ ಕೆರೆಯಲ್ಲಿ ಮುಳುಗಿಸಿಡುತ್ತಿದ್ದದ್ದು ಅದು ನೀರಿಗೆ ಬಿಟ್ಟು ಹೋಗಲಿ ಅಂತ.

ಒಂದಿಂಚಿಗೆ ಒಂದು ವರ್ಷ ನೆರಳಿನಲ್ಲಿ ಒಣಗಬೇಕು ಅಂತ ಲೆಕ್ಕ. ನಿಮ್ಮದು ಮೂರು ವರ್ಷ ಆಗಿದೆ, ಚಿಂತೆ ಇಲ್ಲ. ಆದರೂ ಈಗ ಜುಲೈಯಲ್ಲಿ ಕೈ ಹಾಕಬೇಡಿ. ಈ ಮಳೆಗಾಳಿಗೆ ಒಣಗಿದ ಹಲಗೆಯೂ ನೀರು ಕುಡಿದು ಉಬ್ಬಿರುತ್ತದೆ. ಈಗ ಹತ್ತರಿ ಹಾಕಿ ಸಪಾಟು ಮಾಡಿದರೆ ಜನವರಿಯಲ್ಲಿ ದೋಣಿಯ ಹಾಗೆ ಬಾಗುತ್ತದೆ. ತುಲಾ ಮಾಸ ಕಳೆಯಲಿ.

ಹಲಸಿನ ಬಣ್ಣದ ಬಗ್ಗೆಯೂ ತಿಳಿದಿರಬೇಕು. ಈಗ ಅರಸಿನದ ಹಾಗೆ ಹಳದಿ ಇರುತ್ತದೆ. ಬೆಳಕಿಗೆ ಇಟ್ಟ ಕೆಲವೇ ತಿಂಗಳಲ್ಲಿ ಕಂದು ತಿರುಗಿ, ವರ್ಷ ಕಳೆದಂತೆ ಬೆಲ್ಲದ ಬಣ್ಣ. ಸುಟ್ಟು ಕೆತ್ತಿದ ಗೆರೆ ಇವತ್ತು ಎದ್ದು ಕಂಡರೂ ನಾಳೆ ಅಷ್ಟು ಕಾಣುವುದಿಲ್ಲ. ಅದಕ್ಕೆ ಗೆರೆ ಆಳವಾಗಿಯೇ ಇರಬೇಕು, ಬಣ್ಣವನ್ನು ನಂಬಬಾರದು. ಬೌದ್ಧ ಸನ್ಯಾಸಿಗಳ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದದ್ದು ಇದೇ ಚೇಗನ್ನು ಕುದಿಸಿ. ಹಾಗಾಗಿ ಒದ್ದೆ ಬಿಳಿ ಬಟ್ಟೆ ಒಂದು ರಾತ್ರಿ ಹಲಗೆಯ ಮೇಲೆ ಹಾಸಿಟ್ಟು ನೋಡಿ. ಹಳದಿ ಬಿಟ್ಟರೆ ಇನ್ನೆರಡು ಸಲ ತೊಳೆದು ಒಣಗಿಸಿ.

ಮೊಳೆ ಇದ್ದ ಹಲಗೆ ಬಿಟ್ಟುಬಿಡಿ. ಕಬ್ಬಿಣ ತಾಗಿದಲ್ಲಿ ಮರ ಕರಿ ತಿರುಗುತ್ತದೆ, ಅದು ಉಜ್ಜಿದರೆ ಹೋಗುವಂಥದ್ದಲ್ಲ.

ಪಯಸ್ವಿನಿ ದಡ · ಜುಲೈ 7

ಚೇಗು ಅಣ್ಣ, ಮೊಳೆಯ ಹಲಗೆಯೇ ಅಗಲದಲ್ಲಿ ಎಲ್ಲಕ್ಕಿಂತ ದೊಡ್ಡದು. ತೂತಿನ ಸುತ್ತ ಒಂದು ರೂಪಾಯಿಯಷ್ಟು ಕರಿ ಉಂಟು. ತಂಗಿಯ ಮೊಳೆ ಅಂತ ಬಿಡಲಿಕ್ಕೆ ಮನಸ್ಸು ಬರುತ್ತಿಲ್ಲ.

ಕುಂಬಳೆ ಕಡಲು · ಜುಲೈ 8

ಬೇರೆ ಮರದಲ್ಲಿ ಮಾಡಿಸುವವರಿಗೂ ಇಲ್ಲಿ ಉತ್ತರ ಬೇಕು. ಹೊನ್ನೆ, ಬೀಟೆ, ರಬ್ಬರ್, ಯಾವುದು ಆಗಬಹುದು? ಹೊನ್ನೆ ಮರದ ಲೋಟ ಮಾರುತ್ತಾರಲ್ಲ, ಅದು ಆರೋಗ್ಯಕ್ಕೂ ಒಳ್ಳೆಯದು ಅಂತ ಹೇಳುತ್ತಾರೆ.

ಚೇಗು · ಜುಲೈ 8

ಹೊನ್ನೆಯ ಲೋಟದಲ್ಲಿ ನೀರು ಹಾಕಿಟ್ಟರೆ ಕಂದು ಬಣ್ಣ ಇಳಿಯುವುದನ್ನು ನೋಡಿದ್ದೀರಲ್ಲ. ಅದರ ಹಲಗೆಯಲ್ಲಿ ಬಿಸಿ ಕೊಟ್ಟಿಗೆ (ಎಲೆಯಲ್ಲಿ ಬೇಯಿಸಿದ ಕಡುಬು) ಇಟ್ಟರೂ ಅದೇ ಬಣ್ಣ ತಿಂಡಿಗೆ ಹತ್ತುತ್ತದೆ. ಬೀಟೆ ನೋಡಲು ರಾಜನೇ, ಆದರೆ ಮೂಲ ಗೊತ್ತಿಲ್ಲದ ಬೀಟೆಗೆ ನಾನು ಉಳಿ ತಾಗಿಸುವುದಿಲ್ಲ. 2021ರಲ್ಲಿ ವಯನಾಡಿನ ಮುಟ್ಟಿಲ್‌ನಲ್ಲಿ ಪಟ್ಟಾ ಜಾಗದ ಬೀಟೆಮರ ಕಡಿದದ್ದು ಎಷ್ಟು ದೊಡ್ಡ ಪ್ರಕರಣ ಆಯಿತು ಅಂತ ಎಲ್ಲರಿಗೂ ನೆನಪಿರಬಹುದು. ರಬ್ಬರ್ ಮರ ತಿಳಿಬಣ್ಣ, ನುಣುಪು, ಕೆತ್ತನೆ ಚೆನ್ನಾಗಿ ಎದ್ದು ಕಾಣುತ್ತದೆ. ಆದರೆ ಅದಕ್ಕೆ ಬೇಗ ಬೂಷ್ಟು, ಹುಳ ಎರಡೂ ಹಿಡಿಯುವುದರಿಂದ ಕಾರ್ಖಾನೆಗಳಲ್ಲಿ ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣ ಕುಡಿಸುತ್ತಾರೆ. ಪೀಠೋಪಕರಣಕ್ಕೆಂದು ಸಿದ್ಧ ಮಾಡಿದ ತುಂಡನ್ನು ತಂದು ತಿಂಡಿ ಹಲಗೆ ಮಾಡಬೇಡಿ. ಹುಣಸೆಯ ಚೇಗು ಸಿಕ್ಕಿದರೆ ಅದಕ್ಕೆ ಮಿಗಿಲಿಲ್ಲ, ಮಾಂಸದಂಗಡಿಯ ಕೊರಡು ವರ್ಷಾನುಗಟ್ಟಲೆ ಕತ್ತಿಯ ಪೆಟ್ಟು ತಿನ್ನುವುದು ಅದರಿಂದಲೇ. ಪ್ಲೈವುಡ್, ಎಂಡಿಎಫ್ ಬೇಡವೇ ಬೇಡ, ಅದರಲ್ಲಿ ಅಂಟು ಸೇರಿರುತ್ತದೆ.

ತಾಗಿದರೆ ಮೈಯಲ್ಲಿ ಬೊಕ್ಕೆ ಏಳುವ ಚೇರೆ ಮರವನ್ನು ಮುಟ್ಟುವವರು ಇಲ್ಲಿ ಯಾರೂ ಇಲ್ಲ ಅಂತ ಭಾವಿಸುತ್ತೇನೆ. ಕಾಸರಕನ ಮರ ಕೂಡ ಬೇಡ. ಕಾಸರಗೋಡು ಎಂಬ ಊರಿನ ಹೆಸರಿಗೇ ಆ ಮರವನ್ನು ಹೇಳುತ್ತಾರೆ, ಜಿಲ್ಲೆಯ ಮರ ಅಂತಲೂ ಮಾಡಿದ್ದಾರೆ, ಆದರೆ ಅದರ ಮೈಯೆಲ್ಲ ವಿಷ.

ಅಡುಗೆಕೋಣೆ (ಬದಿಯಡ್ಕ) · ಜುಲೈ 8

ನಾನು ಪ್ರಾಯದವಳು, ಹೇಳುವುದು ಸ್ವಲ್ಪ ಉದ್ದ ಆಗಬಹುದು.

ನಮ್ಮ ಹಿರಿಯರು ಮರದಲ್ಲಿ ಉಂಡದ್ದಿಲ್ಲ. ಮಣೆಯಲ್ಲಿ ಕೂತರು, ಎಲೆಯಲ್ಲಿ ಉಂಡರು. ಮರಿಗೆಯಲ್ಲಿ ಉಪ್ಪಿನಕಾಯಿ ಇಟ್ಟರು, ಆದರೆ ಅದಕ್ಕೆ ಎಂಜಲು ಕೈ ತಾಗಿಸಲಿಕ್ಕೆ ಬಿಡಲಿಲ್ಲ. ನನ್ನ ಅತ್ತೆ ಹೇಳುತ್ತಿದ್ದದ್ದು, ಕಂಚಿಗೆ ತಾಗಿದ ಎಂಜಲು ಬೂದಿ ಹಾಕಿ ತಿಕ್ಕಿದರೆ ಹೋಯಿತು, ಮರ ಅದನ್ನು ಕುಡಿಯುತ್ತದೆ ಅಂತ. ಈಗ ವಿಜ್ಞಾನದವರು ಬೇರೆ ರೀತಿ ಹೇಳುತ್ತಾರೆ. ನನ್ನ ಮಗಳು ಆಹಾರ ಸುರಕ್ಷತೆ ಓದಿದವಳು. ಅಮೆರಿಕದಲ್ಲಿ ಡೀನ್ ಕ್ಲಿವರ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಮರದ ಹಲಗೆ, ಪ್ಲಾಸ್ಟಿಕ್ ಹಲಗೆ ಎರಡರಲ್ಲೂ ಬ್ಯಾಕ್ಟೀರಿಯಾ ಬಿಟ್ಟು ನೋಡಿದರಂತೆ. ಮರದ ಒಳಗೆ ಇಳಿದವು ಮತ್ತೆ ಮೇಲೆ ಬರದೆ ಅಲ್ಲೇ ಸತ್ತವು, ಕತ್ತಿಯ ಗೀರು ಬಿದ್ದ ಪ್ಲಾಸ್ಟಿಕ್ ತೊಳೆದರೂ ಶುದ್ಧ ಆಗಲಿಲ್ಲ ಅಂತ ಅವಳು ವಿವರಿಸಿದಳು. ಅತ್ತೆಯವರು ಮರ ಕುಡಿಯುತ್ತದೆ ಅಂದದ್ದೂ ಸುಳ್ಳಲ್ಲ ಅಂತಾಯಿತು.

ಆದರೆ ಕೆತ್ತನೆಯ ಸಂಗತಿ ಬೇರೆ. ಕೆತ್ತಿದ ಗೆರೆಯೊಳಗೆ ಬೆಲ್ಲದ ಪಾಕ, ಚಟ್ನಿ, ತೆಂಗಿನತುರಿ ಕೂತರೆ ಯಾವ ಬ್ರಶ್ಶೂ ತೆಗೆಯುವುದಿಲ್ಲ. ಕಳೆದ ವರ್ಷ ನಮಗೆ ಒಬ್ಬರು ಅಂಥ ಹಲಗೆ ಉಡುಗೊರೆ ಕೊಟ್ಟರು. ಪೂರ್ತಿ ಮೈಯಲ್ಲಿ ನವಿಲು, ಗರಿಯ ಒಂದೊಂದು ಎಳೆಯೂ ಕೆತ್ತಿದ್ದು. ಅಷ್ಟು ಚೆಂದದ ಕೆಲಸ. ಪತ್ರೊಡೆ ಇಟ್ಟೆ. ಎರಡೇ ವಾರದಲ್ಲಿ ನವಿಲಿನ ಗರಿಗೆ ಬೂಷ್ಟು. ಮೇಲಿನಿಂದ ಹೊಳೆಯುವ ಪಾಲಿಶ್ ಬೇರೆ, ಅದು ಸಿಪ್ಪೆ ಸಿಪ್ಪೆಯಾಗಿ ಎದ್ದು ತಿಂಡಿಗೆ ಅಂಟಿತು. ಕೊಟ್ಟವರ ಮನಸ್ಸು ನೋಯಬಾರದೆಂದು ಈಗ ಗೋಡೆಗೆ ಆನಿಸಿಟ್ಟಿದ್ದೇನೆ. ಅಷ್ಟು ಕಷ್ಟಪಟ್ಟ ಕೈಕೆಲಸ ಉಪಯೋಗಕ್ಕೆ ಬಾರದೆ ಹೋಯಿತಲ್ಲ ಅಂತ ನೋಡಿದಾಗಲೆಲ್ಲ ಬೇಜಾರು.

ಹಾಗಾಗಿ ಮಗಾ, ತಿಂಡಿ ಇಡುವ ನಡು ಭಾಗ ಖಾಲಿ ಇರಲಿ. ಹಿಡಿಯ ಹತ್ತಿರವೋ ಅಂಚಿನಲ್ಲೋ ಕೆತ್ತಿಸು. ಇಲ್ಲವಾದರೆ ಒಂದು ಮೈ ಪೂರ್ತಿ ಚಿತ್ರಕ್ಕೆ, ಇನ್ನೊಂದು ಮೈ ತಿಂಡಿಗೆ. ಹಪ್ಪಳ, ಬಾಳೆಕಾಯಿ ಚಿಪ್ಸು, ಹೋಳು ಮಾಡಿದ ಹಣ್ಣು ನೇರವಾಗಿ ಇಡಬಹುದು. ಎಣ್ಣೆಯದ್ದು, ಒದ್ದೆಯದ್ದು, ಅರಸಿನ ಹಾಕಿದ್ದು ಏನಿದ್ದರೂ ಬಾಳೆಲೆಯ ಕೀತು ಹಾಸಿಯೇ ಇಡಬೇಕು.

ಒಂದು ಮಾತು ಹೇಳಿದರೆ ಕೋಪ ಮಾಡಬೇಡ. ಹಂದಿ ಮತ್ತು ಹುಲಿಯ ಚಿತ್ರ ಬೇಡ. ಹಂದಿ ರೂಪದ ಪಂಜುರ್ಲಿ, ಹುಲಿ ರೂಪದ ಪಿಲಿಚಾಮುಂಡಿ ದೈವಗಳನ್ನು ನಂಬುವ ಮನೆಗಳು ನಮ್ಮವು. ತಿನ್ನುವ ಹಲಗೆಯಲ್ಲಿ ಆ ರೂಪ ಇಡುವುದು ನನಗೆ ಸರಿ ಕಾಣುವುದಿಲ್ಲ.

ದೂರದ ಕಾಸರಗೋಡು · ಜುಲೈ 8

ಅತ್ತೆ, ಹಾಗಾದರೆ ಆಮೆಯೂ ಕೂರ್ಮಾವತಾರ ಅಲ್ಲವೇ?

ಅಡುಗೆಕೋಣೆ · ಜುಲೈ 8

ದೇವಸ್ಥಾನದ ಕೂರ್ಮ ಬೇರೆ, ಹೊಳೆಯ ಆಮೆ ಬೇರೆ. ಅನಂತಪುರ ದೇವಸ್ಥಾನದ ಮಂಟಪದ ಮುಚ್ಚಿಗೆಯಲ್ಲಿ ಮರದಲ್ಲೇ ದಶಾವತಾರ ಕೆತ್ತಿದ್ದಾರೆ, ನಾವು ತಲೆ ಎತ್ತಿ ನೋಡುತ್ತೇವೆ. ಹಾಗೆ ಮೇಲೆ ಇರಬೇಕಾದದ್ದನ್ನು ಕೆಳಗೆ ತರಬಾರದು ಎಂದು ನಾನು ಹೇಳಿದ್ದು. ಹೊಳೆಯ ಆಮೆ ತಿಂಡಿಯ ಪಕ್ಕದಲ್ಲಿ ಇದ್ದರೆ ದೋಷ ಏನೂ ಕಾಣುವುದಿಲ್ಲ. ಅವರವರ ಮನೆಯ ನಂಬಿಕೆ ನೋಡಿಕೊಂಡು ಮಾಡಿ.

ಬೆಳಕಿನ ಉಳಿ (ಉಪ್ಪಳ) · ಜುಲೈ 9

ನಾನು ಲೇಸರ್ ಯಂತ್ರ ನಡೆಸುವವನು. ಸಿದ್ಧಚಿತ್ರ ತೋರಿಸುವ ತಪ್ಪು ನಾನೂ ಮಾಡಿದ್ದೇನೆ, ಈ ಚರ್ಚೆ ಓದಿದ ಮೇಲೆ ಜಿಂಕೆಯ ಕಡತ ತೆಗೆದು ನೋಡಿದೆ. ನಿಜ, ಬಿಳಿಬಾಲದ್ದೇ. ಅಳಿಸಿದೆ.

ಫೋಟೋ ಕೊಟ್ಟು ಹಾಗೆಯೇ ಕೆತ್ತಿ ಎಂದು ಹೇಳುವವರು ಹೆಚ್ಚು. ಫೋಟೋ ಅಂದರೆ ಯಂತ್ರ ಲಕ್ಷಗಟ್ಟಲೆ ಚುಕ್ಕಿ ಸುಡುತ್ತದೆ. ತಿಳಿಬಣ್ಣದ, ಎಳೆ ಸಣ್ಣ ಇರುವ ಮರದಲ್ಲಿ ಅದು ಚೆನ್ನಾಗಿ ಬರುತ್ತದೆ. ಹಲಸಿನ ಎಳೆ ಹೆಣೆದುಕೊಂಡಿರುತ್ತದೆ, ಒಂದು ಕಡೆ ಹೆಚ್ಚು ಸುಟ್ಟು ಇನ್ನೊಂದು ಕಡೆ ತೆಳುವಾಗಿ, ಪ್ರಾಣಿಯ ಮುಖಕ್ಕೆ ಕಲೆ ಬಿದ್ದ ಹಾಗೆ ಆಗುತ್ತದೆ. ಚೇಗು ಅಣ್ಣ ಹೇಳಿದ ಹಾಗೆ ಮರ ಕಪ್ಪಾದ ಮೇಲೆ ಆ ಚುಕ್ಕಿಗಳು ಮಾಯವೇ. ಹಲಸಿಗೆ ಗೆರೆಚಿತ್ರವೇ ಸರಿ. ದಪ್ಪ ಗೆರೆ, ಕಡಿಮೆ ಗೆರೆ. ಪೆನ್ಸಿಲಿನಲ್ಲಿ ಬರೆದದ್ದಾದರೂ ಸ್ಕ್ಯಾನ್ ಮಾಡಿ ವೆಕ್ಟರ್ (ಯಂತ್ರ ಓದುವ ಗೆರೆಕಡತ) ಮಾಡಿಕೊಳ್ಳುತ್ತೇನೆ.

ಕೆತ್ತುವ ಮೊದಲು ಮೈಗೆ ಕಾಗದದ ಟೇಪು ಅಂಟಿಸುವಂತೆ ಅಂಗಡಿಯವರಿಗೆ ಹೇಳಿ. ಇಲ್ಲದಿದ್ದರೆ ಹೊಗೆಯ ಕಂದು ಕಲೆ ಗೆರೆಯ ಸುತ್ತ ಹರಡುತ್ತದೆ. ಕೆತ್ತಿದ ಮೇಲೆ ಒಳಗೆ ಕರಿಮಸಿ ಇರುತ್ತದೆ, ಮೆತ್ತನೆಯ ಬ್ರಶ್ಶಿನಲ್ಲಿ ಎಳೆಯ ಉದ್ದಕ್ಕೆ ಉಜ್ಜಿ ತೆಗೆಯಬೇಕು. ಆ ಮಸಿ ತೆಗೆಯದೆ ಎಣ್ಣೆ ಹಚ್ಚಿದರೆ ಹಲಗೆಯೆಲ್ಲ ಮಸಿ.

ಹೆಸರು ಕನ್ನಡದಲ್ಲಿ ಕೆತ್ತಿಸುವುದಿದ್ದರೆ ಅಕ್ಷರಗಳನ್ನು ಚಿತ್ರ ಬರೆಯುವ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಪಾತ್‌ಗೆ (ಗೆರೆಯ ಆಕಾರಕ್ಕೆ) ಬದಲಿಸಿ ತನ್ನಿ. ಅಕ್ಷರವಾಗಿಯೇ ಕೊಟ್ಟರೆ ಕೆಲವು ಯಂತ್ರಗಳ ತಂತ್ರಾಂಶದಲ್ಲಿ ಒತ್ತಕ್ಷರ ಬೇರೆ, ಅಕ್ಷರ ಬೇರೆ ಆಗಿಬಿಡುತ್ತದೆ. ಮಂಗಟ್ಟೆಯ 'ಟ್ಟೆ' ಮೂರು ತುಂಡಾಗಿ ಬಂದದ್ದನ್ನು ನಾನೇ ನೋಡಿದ್ದೇನೆ, ಹಲಗೆ ಆಮೇಲೆ ಸರಿ ಮಾಡಲಿಕ್ಕಾಗುವುದಿಲ್ಲ.

ಕುಂಬಳೆ ಕಡಲು · ಜುಲೈ 9

ಪ್ರಾಣಿ ಯಾವುದು ಎಂಬುದಕ್ಕೆ ನನ್ನದೊಂದು ಸಲಹೆ. 2023ರಲ್ಲಿ ನಮ್ಮ ಜಿಲ್ಲಾ ಪಂಚಾಯತು ಜಿಲ್ಲೆಗೆ ತನ್ನದೇ ಮರ, ಹೂ, ಹಕ್ಕಿ, ಪ್ರಾಣಿ ಅಂತ ಘೋಷಿಸಿತು. ಹಕ್ಕಿ ಬಿಳಿಹೊಟ್ಟೆಯ ಕಡಲಹದ್ದು. ನಮ್ಮ ಕಡಲತೀರದಲ್ಲಿ ದೊಡ್ಡ ಮರಗಳ ತುದಿಯಲ್ಲಿ ಅದು ಗೂಡು ಕಟ್ಟುವುದು, ಅಂಥ ಮರ ಒಂದೊಂದೇ ಹೋಗುತ್ತಿವೆ. ತಲೆ, ಕುತ್ತಿಗೆ, ಹೊಟ್ಟೆ ಬಿಳಿ, ರೆಕ್ಕೆಯ ಮೇಲ್ಭಾಗ ಬೂದಿ, ಬಾಲ ಗಿಡ್ಡ. ಗೆರೆಚಿತ್ರಕ್ಕೆ ಹೇಳಿ ಮಾಡಿಸಿದ್ದು.

ಇನ್ನೊಂದು ಆಲೋಚನೆ. ನಮ್ಮ ಹಳೆ ಮನೆಯಲ್ಲಿ ಕಡವೆಯ ಕೊಂಬು ಉಂಟು, ತಾನಾಗಿ ಉದುರಿದ್ದು. ಅದನ್ನು ಹಲಗೆಗೆ ಹಿಡಿಯಾಗಿ ಕೂರಿಸಿದರೆ?

ಮಂಗಟ್ಟೆ ಕಣ್ಣು · ಜುಲೈ 9

ಕಡಲಹದ್ದು ಸೈ. ಕೊಂಬು ಖಂಡಿತ ಬೇಡ. ತಾನಾಗಿ ಉದುರಿದ್ದಾದರೂ 1972ರ ವನ್ಯಜೀವಿ ಕಾಯ್ದೆಯ ಕೆಳಗೆ ಬರುತ್ತದೆ. ಮುಳ್ಳುಹಂದಿಯ ಮುಳ್ಳು, ಆಮೆಯ ಚಿಪ್ಪು ಕೂಡ ಹಾಗೆಯೇ. ನಿಮ್ಮಲ್ಲಿರುವುದನ್ನು ಅರಣ್ಯ ಇಲಾಖೆಯ ಗಮನಕ್ಕೆ ತನ್ನಿ. ಪ್ರಾಣಿಯ ಮೇಲಿನ ಪ್ರೀತಿಗೆ ಮಾಡುವ ಕೆಲಸದಲ್ಲಿ ಪ್ರಾಣಿಯ ಅಂಗ ಬಂದರೆ, ನೋಡಿದ ಇನ್ನೊಬ್ಬರಿಗೂ ಅಂಥದ್ದು ಬೇಕು ಅನಿಸುತ್ತದೆ. ವ್ಯಾಪಾರ ಶುರುವಾಗುವುದು ಅಲ್ಲಿಂದ.

ಈಗ ಆಮೆಗೆ ಬರುತ್ತೇನೆ. ಅದೇ ಘೋಷಣೆಯಲ್ಲಿ ಜಿಲ್ಲೆಯ ಪ್ರಾಣಿ ಅಂತ ಆದದ್ದು ಮಲಯಾಳದಲ್ಲಿ ಪಾಲಪ್ಪೂವನ್ ಎಂದು ಕರೆಯುವ ಆಮೆ, ಕ್ಯಾಂಟರನ ದೈತ್ಯ ಮೆದುಚಿಪ್ಪಿನ ಆಮೆ. ಲೋಕದಲ್ಲೇ ಅಳಿವಿನ ಅಂಚಿಗೆ ಬಂದ ಜೀವಿ ಅದು, ನಿಮ್ಮ ಪಯಸ್ವಿನಿ ಹೋಗಿ ಸೇರುವ ಚಂದ್ರಗಿರಿಯಲ್ಲಿ ಅದು ಮೊಟ್ಟೆ ಇಡುವುದು ದಾಖಲಾಗಿದೆ. ಬೆನ್ನು ಚಪ್ಪಟೆ, ಚಿಪ್ಪಿನ ಬಿಲ್ಲೆಗಳೇ ಇಲ್ಲ, ನುಣ್ಣಗಿನ ಚರ್ಮ. ತಲೆ ಅಗಲ, ಕಣ್ಣು ಸಣ್ಣದು, ಮೂತಿಯ ತುದಿಗೇ ಹತ್ತಿರ. ಮುಖ ಕಪ್ಪೆಯ ಹಾಗೆ. ಹೆಚ್ಚಿನ ಹೊತ್ತು ಮರಳಿನೊಳಗೆ ಹುದುಗಿಕೊಂಡು, ಮೂತಿ ಮತ್ತು ಕಣ್ಣು ಮಾತ್ರ ಹೊರಗೆ. ಗೆರೆಯಲ್ಲಿ ಬರೆಯಲು ಇದಕ್ಕಿಂತ ಸುಲಭದ, ಇದಕ್ಕಿಂತ ನಮ್ಮದಾದ ಪ್ರಾಣಿ ಇನ್ನೊಂದಿಲ್ಲ.

ಪಯಸ್ವಿನಿ ದಡ · ಜುಲೈ 10

ಇದನ್ನು ಓದಿ ಅಪ್ಪನಿಗೆ ಚಿತ್ರ ತೋರಿಸಿದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಮತ್ತೆ ಹೇಳಿದರು, ಅವರು ಸಣ್ಣವರಿರುವಾಗ ಹೊಳೆಯ ಕಯದಲ್ಲಿ (ಆಳದ ಗುಂಡಿಯಲ್ಲಿ) ಬೇಸಿಗೆಯ ಮಧ್ಯಾಹ್ನ ಅಂಥದ್ದೊಂದು ತಲೆ ಏಳುತ್ತಿತ್ತಂತೆ, ದನ ಮೀಯಿಸುವಾಗ ಅದು ಕಂಡರೆ ಅಜ್ಜ ದನಗಳನ್ನು ಬೇರೆ ಕಡೆಗೆ ಹೊಡೆಯುತ್ತಿದ್ದರಂತೆ. ಇಷ್ಟು ವರ್ಷ ಈ ಮನೆಯಲ್ಲಿ ಇದ್ದು ನಾನು ಈ ಮಾತು ಕೇಳಿದ್ದು ಇದೇ ಮೊದಲು. ಆಮೆ ನಿರ್ಧಾರವಾಯಿತು.

ಆನೆಯ ವಿಷಯದಲ್ಲಿ ಮನೆಯಲ್ಲಿ ಎರಡು ಮತ. ನಮ್ಮ ದೇಲಂಪಾಡಿ, ಕಾರಡ್ಕ ಕಡೆಯಲ್ಲಿ ಆನೆ ತೋಟಕ್ಕೆ ಇಳಿಯುವುದು ನಿಮಗೆಲ್ಲ ಗೊತ್ತುಂಟು. ನಮ್ಮ ಬಾಳೆ, ತೆಂಗಿನ ಸಸಿ ಒಂದೇ ರಾತ್ರಿಯಲ್ಲಿ ಹೋದದ್ದುಂಟು. ಚಿಕ್ಕಪ್ಪ "ಅದರ ಚಿತ್ರ ಮನೆಗೆ ತರುವುದಾ" ಅಂತ ಕೇಳಿದರು. ನನಗೆ ಅವರ ಸಿಟ್ಟು ತಪ್ಪು ಅನಿಸಲಿಲ್ಲ. ನಷ್ಟ ಆದವರಿಗೇ ಗೊತ್ತು ಅದು ಎಂತದ್ದು ಅಂತ. ಆನೆ ಬಿಟ್ಟೆ. ಅದರ ಬದಲು ಬರಿಂಕ (ಮೊಲದಷ್ಟು ಸಣ್ಣ, ಜಿಂಕೆಯಂಥ ಪ್ರಾಣಿ) ಹಾಕಬಹುದಾ? ತಂಗಿ ಒಮ್ಮೆ ರಬ್ಬರ್ ತೋಟದ ಅಂಚಿನಲ್ಲಿ ನೋಡಿ ಮೊಲ ಅಂತ ವಾದ ಮಾಡಿದ್ದಳು.

ಮಂಗಟ್ಟೆ ಕಣ್ಣು · ಜುಲೈ 10

ಬರಿಂಕ ಬಹಳ ಒಳ್ಳೆಯ ಆಯ್ಕೆ. ಕೊಂಬಿಲ್ಲ ಎಂಬುದನ್ನು ಮರೆಯಬೇಡಿ, ಗಂಡಿಗೆ ಸಣ್ಣ ಕೋರೆಹಲ್ಲು ಮಾತ್ರ. ಮೈಮೇಲೆ ಬಿಳಿ ಚುಕ್ಕಿ, ಅಡ್ಡಪಟ್ಟೆಯ ಹಾಗೆ ಸಾಲಾಗಿ. ಕಾಲು ಕಡ್ಡಿಯಷ್ಟು ತೆಳು, ಬೆನ್ನಿನ ಹಿಂಭಾಗ ಎತ್ತರ.

ಮೊಳೆಯ ಹಲಗೆಯ ಬಗ್ಗೆ ನಿನ್ನೆ ರಾತ್ರಿ ಹೊಳೆದದ್ದು ಬರೆಯುತ್ತೇನೆ. ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್) ಗೂಡು ಮಾಡುವುದು ಮರದ ಪೊಟರೆಯಲ್ಲಿ. ಹೆಣ್ಣು ಒಳಗೆ ಹೊಕ್ಕು, ಹಿಕ್ಕೆ ಮೆತ್ತಿ ಬಾಯಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟಿರುತ್ತದೆ. ವಾರಗಟ್ಟಲೆ ಗಂಡು ಹೊರಗಿನಿಂದ ಹಣ್ಣು ತಂದು ಆ ಸೀಳಿನಲ್ಲಿ ಕೊಡುತ್ತದೆ. ನಿಮ್ಮ ಮೊಳೆಯ ತೂತು, ಅದರ ಸುತ್ತಲ ಕರಿ, ಅದೇ ಪೊಟರೆಯಾಗಲಿ. ಅದರ ಎದುರು ಹಣ್ಣು ಕಚ್ಚಿಕೊಂಡ ಗಂಡು ಮಂಗಟ್ಟೆ. ಕೊಕ್ಕಿನ ಮೇಲಿನ ಶಿರಸ್ತ್ರಾಣ ಸರಿಯಾಗಿ ಬರೆಯಿರಿ. ದೊಡ್ಡ ಮಂಗಟ್ಟೆಗೆ ಮೇಲ್ಭಾಗ ಅಗಲವಾಗಿ ನಡುವೆ ತಗ್ಗು, ಕೇರಳದ ರಾಜ್ಯಪಕ್ಷಿ ಅದೇ. ಕರಿಬಿಳಿ ಮಂಗಟ್ಟೆಗೆ ಕೊಡಲಿಯ ಹಾಗೆ ಮುಂದಕ್ಕೆ ಚಾಚಿದ್ದು. ಮಲಬಾರ್ ಬೂದು ಮಂಗಟ್ಟೆಗೆ ಇಲ್ಲವೇ ಇಲ್ಲ. ಒಂದನ್ನು ಇನ್ನೊಂದಕ್ಕೆ ಬೆರೆಸಬೇಡಿ.

ಚೇಗು · ಜುಲೈ 10

ಇದು ಒಳ್ಳೆಯ ಮಾತು. ನಾನು ಬಿಟ್ಟುಬಿಡಿ ಅಂದದ್ದನ್ನು ಹಿಂದೆ ತೆಗೆದುಕೊಂಡೆ. ತೂತಿನಲ್ಲಿ ಮೊಳೆಯ ಚೂರು ಉಳಿದಿದ್ದರೆ ಮಾತ್ರ ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಕರಿ ಇನ್ನೂ ಹರಡುತ್ತದೆ.

ಮಂಗಟ್ಟೆಯನ್ನು ಲೇಸರಿನಲ್ಲಿ ಬೇಡ, ಕೈಯಲ್ಲಿ ಕೆತ್ತಿಸಿ. ಕರಿ ಕಲೆಯ ಅಂಚು ಎಲ್ಲಿ ಮುಗಿಯುತ್ತದೆ ಅಂತ ಉಳಿ ಹಿಡಿದವನ ಕಣ್ಣಿಗೆ ಗೊತ್ತಾಗುತ್ತದೆ, ಯಂತ್ರಕ್ಕೆ ಗೊತ್ತಾಗುವುದಿಲ್ಲ. ನನ್ನಲ್ಲಿಗೆ ತನ್ನಿ.

ಬೆಳಕಿನ ಉಳಿ · ಜುಲೈ 10

ಒಪ್ಪುತ್ತೇನೆ. ಉಳಿದ ನಾಲ್ಕು ನಾನು ಮಾಡಿಕೊಡುತ್ತೇನೆ.

ಪಯಸ್ವಿನಿ ದಡ · ಜುಲೈ 11

ಇಬ್ಬರಿಗೂ ಕೃತಜ್ಞತೆ. ಇನ್ನು ಎಣ್ಣೆಯ ಪ್ರಶ್ನೆ ಬಾಕಿ. ಅಮ್ಮ ತೆಂಗಿನೆಣ್ಣೆ ಸಾಕು ಅನ್ನುತ್ತಾರೆ. ಚಿಕ್ಕಪ್ಪ ಗೇರುಬೀಜದ ಎಣ್ಣೆ ಹಚ್ಚಿದರೆ ಗೆದ್ದಲು ಹತ್ತಿರ ಬಾರದು ಅನ್ನುತ್ತಾರೆ.

ಚೇಗು · ಜುಲೈ 11

ಗೇರುಬೀಜದ ಸಿಪ್ಪೆಯ ಎಣ್ಣೆ ಮಾಡಿನ ಪಕ್ಕಾಸಿಗೆ, ದೋಣಿಗೆ. ಕೈಗೆ ತಾಗಿದರೆ ಬೊಕ್ಕೆ ಏಳುವ ಎಣ್ಣೆಯನ್ನು ತಿನ್ನುವ ಹಲಗೆಗೆ ಹಚ್ಚುವುದುಂಟೇ! ಪೇಂಟಿನಂಗಡಿಯ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆಯೂ ಬೇಡ, ಬೇಗ ಒಣಗಲಿ ಅಂತ ಅದಕ್ಕೆ ಲೋಹದ ಲವಣ ಸೇರಿಸಿರುತ್ತಾರೆ. ಬೇರೆ ಕೆಲಸಕ್ಕೆ ಅದನ್ನು ಉಪಯೋಗಿಸುವವರು ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಕಾದು ಬೆಂಕಿ ಹತ್ತುತ್ತದೆ. ಹರಡಿ ಒಣಗಿಸಿ.

ತೆಂಗಿನೆಣ್ಣೆ ಹಿಂದಿನಿಂದ ಬಂದದ್ದು, ಕೆಟ್ಟದ್ದಲ್ಲ. ಆದರೆ ಅದು ಮರದಲ್ಲಿ ಒಣಗಿ ಗಟ್ಟಿಯಾಗುವುದಿಲ್ಲ, ಮುಚ್ಚಿಟ್ಟ ಕಪಾಟಿನಲ್ಲಿ ತಿಂಗಳುಗಟ್ಟಲೆ ಇದ್ದರೆ ಕಮಟು ವಾಸನೆ ಬರುತ್ತದೆ. ದಿನಾ ಉಪಯೋಗಿಸುವ ಹಲಗೆಗೆ ಸರಿ.

ಅಡುಗೆಕೋಣೆ · ಜುಲೈ 11

ನಾನು ಮಾಡುವುದು ಹೇಳುತ್ತೇನೆ. ಔಷಧದಂಗಡಿಯಲ್ಲಿ ಲಿಕ್ವಿಡ್ ಪ್ಯಾರಾಫಿನ್ ಸಿಗುತ್ತದೆ, ಮಲಬದ್ಧತೆಗೆ ಕೊಡುವುದು. ಅದು ನಾಲ್ಕು ಪಾಲು, ಶುದ್ಧ ಜೇನುಮೇಣ ಒಂದು ಪಾಲು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು, ನೇರ ಬೆಂಕಿಗೆ ಇಡಬಾರದು. ತಣಿದ ಮೇಲೆ ತುಪ್ಪದ ಹಾಗೆ ಆಗುತ್ತದೆ. ಮೊದಲು ಬರೀ ಎಣ್ಣೆ ಎರಡು ಮೂರು ಸಲ, ಕುಡಿದಷ್ಟು ಕುಡಿಸಿ, ಮರುದಿನ ಒರಸಿ, ಮತ್ತೆ ಈ ಮೇಣ. ಜೇನು ಸಾಕುವವರು ನಮ್ಮಲ್ಲಿ ಎಷ್ಟೋ ಮನೆ ಉಂಟು, ಮೇಣ ಕೇಳಿದರೆ ಕೊಡುತ್ತಾರೆ.

ತೊಳೆಯುವುದು ಬೇಗ ಬೇಗ, ನೀರಿನಲ್ಲಿ ನೆನೆಹಾಕಬಾರದು. ಒಣಗಿಸುವುದು ನಿಲ್ಲಿಸಿ, ಎರಡೂ ಮೈಗೆ ಗಾಳಿ ತಾಗುವ ಹಾಗೆ. ವಾಸನೆ ಬಂದರೆ ಕಲ್ಲುಪ್ಪು ಉದುರಿಸಿ ಅರ್ಧ ನಿಂಬೆಹುಳಿಯಲ್ಲಿ ಉಜ್ಜಬೇಕು.

ಪಯಸ್ವಿನಿ ದಡ · ನವೆಂಬರ್ 23

ತುಂಬ ದಿನ ಆಯಿತು. ಹಲಗೆಗಳು ಸಿದ್ಧ ಆಗುತ್ತಿವೆ. ಅಂಚಿನ ಬಿಳಿ ಪೂರ್ತಿ ತೆಗೆಸಿದೆವು, ಅದರಿಂದ ಅಗಲ ಸ್ವಲ್ಪ ಕಡಿಮೆಯಾಯಿತು. ಬಟ್ಟೆ ಹಾಸಿ ನೋಡಿದಾಗ ಮೊದಲ ರಾತ್ರಿ ಹಳದಿ ಬಿಟ್ಟಿತು, ಮೂರನೆಯ ರಾತ್ರಿ ಬಿಡಲಿಲ್ಲ.

ಆಮೆ ನಾಲ್ಕು ಸಲ ಬರೆದೆ. ಮೊದಲಿನದ್ದಕ್ಕೆ ಕಣ್ಣು ತಲೆಯ ನಡುವೆ ಬಂದಿತ್ತು, ಮಂಗಟ್ಟೆ ಕಣ್ಣು ಅಕ್ಕ ಒಪ್ಪಲಿಲ್ಲ. ಈಗಿನದರಲ್ಲಿ ಮರಳಿನ ಮೇಲೆ ಮೂತಿ ಮತ್ತು ಎರಡು ಕಣ್ಣು, ಬೆನ್ನಿನ ಅಂಚಿನ ಒಂದೇ ಗೆರೆ. ಹಲಸಿನ ಎಳೆಯೇ ಮರಳಿನ ಹಾಗೆ ಕಾಣುತ್ತದೆ. ಬೆಳಕಿನ ಉಳಿ ಅಣ್ಣ ಒಂದು ಚೂರು ಮರದಲ್ಲಿ ಪರೀಕ್ಷೆ ಮಾಡಿ, ಗೆರೆ ಸಣ್ಣ ಆಯಿತು ಅಂತ ತಾವೇ ಮತ್ತೊಮ್ಮೆ ಆಳ ಮಾಡಿದರು. ಬರಿಂಕ, ಕಡಲಹದ್ದು ಹಿಡಿಯ ಹತ್ತಿರ. ಐದನೆಯದಕ್ಕೆ ಚುಕ್ಕಿಜಿಂಕೆ ಅಂತ ಇದ್ದೆ. ಅಮ್ಮ ಅಂಗಳಕ್ಕೆ ದಿನಾ ಬರುವ ಕೆಂಬೂತ ಹಾಕು ಅಂದರು, ಅದನ್ನೇ ಹಾಕಿಸಿದೆ.

ಮಂಗಟ್ಟೆ ಕಣ್ಣು · ನವೆಂಬರ್ 23

ಕೆಂಬೂತದ ಬಾಲ ಉದ್ದ ಬಿಡಿ. ಕಾಗೆಯ ಹಾಗೆ ಮಾಡಬೇಡಿ.

ಪಯಸ್ವಿನಿ ದಡ · ಡಿಸೆಂಬರ್ 19

ಮನೆಯೊಕ್ಕಲು ಕಳೆಯಿತು. ಹಲಗೆಗಳನ್ನು ಹಿಂದಿನ ರಾತ್ರಿ ಕೊಟ್ಟೆ. ತಂಗಿ ಆಮೆಯದ್ದನ್ನು ಅಪ್ಪನಿಗೆ ತೋರಿಸಿದಳು. ಅಪ್ಪ ಕನ್ನಡಕ ಹಾಕಿ ನೋಡಿ "ಇದೇ ಮುಖ" ಅಂದರು.

ಮಂಗಟ್ಟೆಯದ್ದು ಕೊನೆಗೆ ತೆಗೆದಳು. ಚೇಗು ಅಣ್ಣ ಗಂಡು ಹಕ್ಕಿಯನ್ನು ಕೆತ್ತಿದ್ದಾರೆ, ಹೆಣ್ಣಿನ ಕೊಕ್ಕಿನ ತುದಿ ಮಾತ್ರ ಪೊಟರೆಯ ಕರಿಯಿಂದ ಹೊರಗೆ ಬರುವ ಹಾಗೆ. ಅವಳು ಹಕ್ಕಿ ನೋಡಿ ಖುಷಿಪಟ್ಟಳು. ಮತ್ತೆ ತೂತಿನಲ್ಲಿ ಬೆರಳಿಟ್ಟು, ಇದು ಕೆತ್ತಿದ್ದಲ್ಲ ಅಲ್ವಾ ಅಂತ ಕೇಳಿದಳು. ಯಾವ ಮರ ಅಂತ ನಾನು ಅಲ್ಲಿವರೆಗೆ ಹೇಳಿರಲಿಲ್ಲ. "ನನ್ನ ಮೊಳೆ" ಅಂತ ಅವಳೇ ಹೇಳಿದಳು.

ಅದರಲ್ಲಿ ತಿಂಡಿ ಇಡಲು ಬಿಡುವುದಿಲ್ಲವಂತೆ. ಉಳಿದ ನಾಲ್ಕರಲ್ಲಿ ಮರುದಿನ ಸಂಜೆಯೇ ಹಲಸಿನ ಹಪ್ಪಳ ಬಂತು. ಬೇಸಿಗೆಯಲ್ಲಿ ಅದೇ ಮರದ ಬೇರಿನಿಂದ ಎದ್ದ ಸಸಿಯೊಂದನ್ನು ಅವಳ ಅಂಗಳಕ್ಕೆ ಒಯ್ಯಬೇಕೆಂದು ಇದ್ದಾಳೆ.

ಚೇಗು · ಡಿಸೆಂಬರ್ 19

ಬೇಸಿಗೆಯಲ್ಲಿ ಬೇಡ. ಮೊದಲ ಮಳೆ ಎರಡು ಬಿದ್ದ ಮೇಲೆ ಒಯ್ಯಲಿ, ತಾಯಿಬೇರು ತುಂಡಾಗದ ಹಾಗೆ ಮಣ್ಣುಸಮೇತ.

ಅಡುಗೆಕೋಣೆ · ಡಿಸೆಂಬರ್ 20

ತಿಂಡಿ ಇಡದ ಹಲಗೆಗೂ ಮೇಣ ಬೇಕು ಮಗಾ. ಮಂಗಟ್ಟೆಯ ಕೆತ್ತನೆಯೊಳಗೆ ಹಳೆ ಹಲ್ಲುಜ್ಜುವ ಬ್ರಶ್ಶಿನಲ್ಲಿ ತೆಳುವಾಗಿ ಹಚ್ಚಲು ಹೇಳು, ಮೇ ಕೊನೆಯೊಳಗೆ ಒಂದು ಸಲ.